ಬೀಜದ ಹೆಂಗಸರು

ಬೆಳ್ಯಪ್ಪ ಹೊಡೆದದ್ದು ಕೈಯ ಹಿಂಬದಿಯಿಂದ. ಅಂಗೈಯಿಂದ ಹೊಡೆದರೆ ಕೆನ್ನೆಯಲ್ಲಿ ಬೆರಳು ಮೂಡುತ್ತದೆ, ಮಧ್ಯಾಹ್ನ ಸ್ಟೇಜಿನ ಮೇಲೆ ಕೂರಿಸಬೇಕಾದ ಮುಖ ಅದು, ಜಾಗ್ರತೆ ಎಂದು ಅವನಿಗೆ ಹೇಳಿಯೇ ಕಳುಹಿಸಿದ್ದರು. ಆದರೂ ದೇವಕಿಯ ಕೆಳದುಟಿ ಒಡೆಯಿತು. ಎಪ್ಪತ್ತನಾಲ್ಕು ವರ್ಷದ ಹೆಂಗಸು ಅಂಗಳದಲ್ಲಿ ಒಂದು ಸುತ್ತು ತಿರುಗಿ, ಬಟ್ಟೆ ಒಗೆಯುವ ಕಲ್ಲನ್ನು ಹಿಡಿದುಕೊಂಡಳು. ಬೀಳಲಿಲ್ಲ.

"ಹೊಸ ಸೀರೆ ತಂದಿದ್ದೇವೆ ಅಜ್ಜಿ, ಉಟ್ಕೊಂಡು ಜೀಪು ಹತ್ತಿ. ಮರ್ಯಾದೆಯಲ್ಲಿ ಹೇಳ್ತಾ ಇದ್ದೇನೆ."

"ಇದು ನಿನ್ನ ಮರ್ಯಾದೆಯಾ ಮಾರಾಯ? ಹಾಗಾದ್ರೆ ನಿನ್ನ ಹೆಂಡತಿ ಹೇಗೆ ಜೀವ ಹಿಡ್ಕೊಂಡಿದ್ದಾಳೆ?"

ಜೊತೆಗೆ ಬಂದಿದ್ದ ಇಬ್ಬರಲ್ಲಿ ಒಬ್ಬ ಕಿಸಕ್ಕೆಂದ. ಬೆಳ್ಯಪ್ಪ ಅವನನ್ನು ದುರುಗುಟ್ಟಿ ನೋಡಿ, ಒಲೆಯ ಮೇಲಿದ್ದ ಗಂಜಿಯ ಪಾತ್ರೆಯನ್ನು ಕಾಲಲ್ಲಿ ಒದ್ದ. ಕುದಿಯುವ ಗಂಜಿ ಸೆಗಣಿ ಸಾರಿಸಿದ ನೆಲದ ಮೇಲೆ ಹರಿದು, ಮೂಲೆಯಲ್ಲಿ ಮಲಗಿದ್ದ ಬೆಕ್ಕು ಕಿರುಚಿಕೊಂಡು ಮಾಡಿಗೆ ಹಾರಿತು.

ಇಷ್ಟೆಲ್ಲ ಆದದ್ದು ಅವಳ ಎರಡು ಹೆಬ್ಬೆರಳುಗಳಿಗಾಗಿ.

ಕಾಣಿಯೂರಿನ ಗುಡ್ಡದ ಬುಡದಲ್ಲಿ ಆರು ಎಕರೆ ಜಾಗ ಉಂಟು. 'ಬೇಸಾಯ ಮತ್ತು ಕೈಗಾರಿಕೆ ವಿದ್ಯಾಲಯ ಸಂಘ' ಎಂಬ ಹೆಸರಿಗೆ ಸರ್ಕಾರ ಕೊಟ್ಟದ್ದು. ಇಲ್ಲಿ ಸರ್ಕಾರದ್ದೇ ಒಂದು ದೊಡ್ಡ ವಿದ್ಯಾಲಯ ಆಗಬೇಕು, ಅಡಿಕೆ ಮರ ಹತ್ತುವವರ, ಗೇರುಬೀಜ ಒಡೆಯುವವರ ಮಕ್ಕಳು ಕಾಸು ಕೊಡದೆ ಅಲ್ಲಿ ಓದಬೇಕು ಎಂಬ ಒಂದೇ ಷರತ್ತಿನ ಮೇಲೆ. ವಿದ್ಯಾಲಯದ ಫೈಲು ನಲವತ್ತು ವರ್ಷ ಬೆಂಗಳೂರಿನ ಕಪಾಟುಗಳಲ್ಲಿ ಮಲಗಿತು. ಜಾಗ ಮಾತ್ರ ಉಳಿಯಿತು, ಯಾಕೆಂದರೆ ಅಲ್ಲೊಂದು ಹಂಚಿನ ಕೊಟ್ಟಿಗೆ ಕಟ್ಟಿಕೊಂಡು ದೇವಕಿ ಕಾವಲಿಗೆ ಕೂತಿದ್ದಳು. ಭಾನುವಾರ ಭಾನುವಾರ ಆಸುಪಾಸಿನ ಮಕ್ಕಳನ್ನು ಕೂಡಿಸಿ ಗೇರು ಗಿಡಕ್ಕೆ ಕಸಿ ಕಟ್ಟುವುದನ್ನು ಕಲಿಸುತ್ತಿದ್ದಳು. ಷರತ್ತಿನ ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇತ್ತು: ಸಂಘ ಒಪ್ಪಿದರೆ ಜಾಗವನ್ನು ಬೇರೆ ವಿದ್ಯಾಸಂಸ್ಥೆಗೆ ವರ್ಗಾಯಿಸಬಹುದು. ಸಂಘಕ್ಕೆ ಇದ್ದದ್ದು ಮೂವರು ಪದಾಧಿಕಾರಿಗಳು. ಇಬ್ಬರು ತೀರಿಹೋಗಿದ್ದರು. ಉಳಿದವಳು ದೇವಕಿ ಒಬ್ಬಳೇ.

ಈಗ ಬೆಳ್ಯಪ್ಪನ ಒಡೆಯ ಮುರಳಿಕೃಷ್ಣನ ಟ್ರಸ್ಟಿಗೆ ಆ ಜಾಗ ಬೇಕು. ಹವಾನಿಯಂತ್ರಿತ ಕೃಷಿ-ತಾಂತ್ರಿಕ ಕಾಲೇಜು, ಸೀಟು ಹರಾಜಿಗೆ. ಹೆಸರು ಮಾತ್ರ, ಆ ಜಾಗವನ್ನು ಸರ್ಕಾರದಿಂದ ಬಿಡಿಸಿ ತಂದವರದ್ದು: 'ಹಸನಬ್ಬ ಸ್ಮಾರಕ'. ಹಸನಬ್ಬನ ಸ್ಮರಣೆಯ ದಿನವೇ ಶಂಕುಸ್ಥಾಪನೆ, ಶಂಕುಸ್ಥಾಪನೆಗೆ ಮೊದಲು ವರ್ಗಾವಣೆ ಪತ್ರ, ಪತ್ರಕ್ಕೆ ದೇವಕಿಯ ಹೆಬ್ಬೆಟ್ಟು. ಮೂರು ಸಲ ಕೇಳಿ ಕಳುಹಿಸಿದ್ದರು. ಮೂರು ಸಲವೂ ಅವಳು ಎಲೆಯಡಿಕೆ ಉಗಿದು ಒಳಗೆ ಹೋಗಿದ್ದಳು. ನಾಲ್ಕನೆಯ ಸಲ ಬಂದದ್ದು ಬೆಳ್ಯಪ್ಪ.

ಜೀಪಿನ ಹಿಂದಿನ ಸೀಟಿನಲ್ಲಿ ಇಬ್ಬರು ಗಂಡಸರ ನಡುವೆ ಸಿಕ್ಕಿಕೊಂಡು ಕೂತಾಗ, ಬಾಯಿಯಲ್ಲಿ ರಕ್ತದ ಉಪ್ಪು ಇಳಿಯುತ್ತಿದ್ದಾಗ, ದೇವಕಿಗೆ ಹಸನಬ್ಬನ ಬಲಗೈ ಕಣ್ಣೆದುರು ಬಂತು.

ಪುತ್ತೂರಿನ ಪೇಟೆಯಲ್ಲಿ ಮಾವಿನ ಮರದ ಬುಡದಲ್ಲಿ ಒಂದು ಮರದ ಪೆಟ್ಟಿಗೆ ಇಟ್ಟುಕೊಂಡು ಅವರು ಅರ್ಜಿ ಬರೆದುಕೊಡುತ್ತಿದ್ದರು. ಊರಿಗೆಲ್ಲ ಅವರು ಅರ್ಜಿ ಬ್ಯಾರಿ ಎಂದೇ ಪರಿಚಯ. ಅವರ ಮಗಳು ಆಯಿಶಮ್ಮ, ದೇವಕಿ, ಇಬ್ಬರೂ ಲಂಗದ ಪ್ರಾಯದಲ್ಲೇ ಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದವರು. ಬೀಜ ಎಂದರೆ ಈ ಊರಿನಲ್ಲಿ ಗೇರುಬೀಜ, ಬೇರೆ ಬೀಜವನ್ನು ಯಾರೂ ಬರೀ ಬೀಜ ಎನ್ನುವುದಿಲ್ಲ. ಹುರಿದ ಬೀಜವನ್ನು ಕಲ್ಲಿನ ಮೇಲಿಟ್ಟು ಮರದ ಕೊಡ್ತಿಯಿಂದ ಒಡೆದರೆ ಸಿಪ್ಪೆಯ ಎಣ್ಣೆ ಕೈಗೆ ಸಿಡಿಯುತ್ತದೆ. ಬೂದಿ ಮೆತ್ತಿಕೊಂಡರೂ ನಿಲ್ಲದ ಎಣ್ಣೆ. ಮೊದಲು ಚರ್ಮ ಕಪ್ಪಾಗುತ್ತದೆ, ಆಮೇಲೆ ಸುಲಿಯುತ್ತದೆ, ಆಮೇಲೆ ಬೆರಳ ತುದಿ ನದಿಯ ಕಲ್ಲಿನ ಹಾಗೆ ನುಣ್ಣಗಾಗುತ್ತದೆ.

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಹಸನಬ್ಬ ತಮ್ಮದೇ ಅರ್ಜಿಯೊಂದನ್ನು ಬರೆದರು. ಮರ ಹತ್ತುವವನಿಗೆ ಮರದ ರೋಗದ ವಿದ್ಯೆ ಯಾಕೆ ಬೇಡ, ಬೀಜ ಒಡೆಯುವವಳಿಗೆ ಯಂತ್ರದ ವಿದ್ಯೆ ಯಾಕೆ ಬೇಡ, ಈ ಸೀಮೆಗೆ ಸರ್ಕಾರದ್ದೇ ಒಂದು ಬೇಸಾಯ-ಕೈಗಾರಿಕೆ ವಿಶ್ವವಿದ್ಯಾಲಯ ಕೊಡಿ ಎಂದು. ಮೊದಲ ಸಾಲು ಹೀಗಿತ್ತು: 'ನಾವು ಬೀಜದ ಹೆಂಗಸರು.' ಕೆಳಗೆ ಒಂಬೈನೂರು ಹೆಬ್ಬೆಟ್ಟು.

ಅರ್ಜಿ ಓದಿದ ಸಾಹೇಬ ಘಟ್ಟದ ಮೇಲಿನವನು. ಬೀಜ ಎಂದರೆ ಬಿತ್ತುವ ಬೀಜ ಎಂದುಕೊಂಡ. ಬಿತ್ತುವ ಹೆಂಗಸರಿಗೆ ಬೆರಳಿನ ಗೆರೆ ಇರಬೇಕಲ್ಲ? ಇಲ್ಲಿ ಒಂಬೈನೂರು ಮಸಿಯ ಬೊಟ್ಟು, ಒಂದರಲ್ಲೂ ಗೆರೆ ಇಲ್ಲ. ಒಬ್ಬನೇ ಬಟ್ಟೆಯ ಉಂಡೆ ಅದ್ದಿ ಒತ್ತಿದ್ದಾನೆ, ಸರ್ಕಾರಕ್ಕೆ ಮೋಸ, ಹಿಡಿಯಿರಿ ಎಂದು ಷರಾ ಬರೆದ.

ಪೊಲೀಸರು ಹಸನಬ್ಬನನ್ನು ಹಿಡಿದರು. ಬಲಗೈಯನ್ನು ಮೇಜಿನ ಮೇಲೆ ಚಾಚಿಸಿ, ರೂಲು ಬಡಿಗೆ ಹಿಡಿದುಕೊಂಡು ಅರ್ಜಿಯ ಮೇಲೆ ಬೆರಳಿಟ್ಟು ಕೇಳಿದರು, "ಈ ಹೆಬ್ಬೆಟ್ಟು ಯಾರದ್ದು?" ಹಸನಬ್ಬ ಹೆಸರು ಹೇಳಿದರು. ಸುಳ್ಳು ಎಂದು ಒಂದು ಬೆರಳು ಮುರಿದರು. "ಇದು ಯಾರದ್ದು?" ಮತ್ತೊಂದು ಹೆಸರು, ಮತ್ತೊಂದು ಬೆರಳು. ಒಂಬೈನೂರು ಹೆಸರೂ ಅವರಿಗೆ ಬಾಯಿಪಾಠ ಇತ್ತು. ಐದು ಹೇಳುವಷ್ಟರಲ್ಲಿ ಕೈ ಮುಗಿಯಿತು. ನಾಲ್ಕನೆಯ ಹೆಸರು ಹನ್ನೆರಡು ವರ್ಷದ ದೇವಕಿಯದ್ದು. ಆಮೇಲೆ ಅವರು ಎಡಗೈಯಲ್ಲಿ ಬರೆಯಲು ಕಲಿತರು. ಅದೇ ಎಡಗೈಯಲ್ಲಿ ಹದಿನಾರು ವರ್ಷ ಬರೆದು ಬರೆದು ಆ ಆರು ಎಕರೆ ತಂದರು.

ಗುಡ್ಡದ ಬುಡ ಸುತ್ತಿಕೊಂಡು ಹೋದ ಜೀಪು ಅದೇ ಆರು ಎಕರೆಯ ಇನ್ನೊಂದು ತುದಿಯಲ್ಲಿ ನಿಂತಿತು.

ಅವಳ ಗೇರು ಗಿಡಗಳಿಗೆ ಹೊಂದಿಕೊಂಡು ಶಾಮಿಯಾನ ಎದ್ದಿತ್ತು. ಪುತ್ತೂರು, ಸುಳ್ಯ, ಕೆದಂಬಾಡಿ, ಎಲ್ಲ ಕಡೆಯಿಂದ ಮುಚ್ಚಿಹೋದ ಬೀಜದ ಫ್ಯಾಕ್ಟರಿಗಳ ಮುನ್ನೂರು ಹೆಂಗಸರನ್ನು ಬಸ್ಸಿನಲ್ಲಿ ತುಂಬಿಸಿ ತಂದು, ಹೆಗಲಿಗೊಂದು ಹಳದಿ ಶಾಲು ಹೊದಿಸಿ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಿಸಿದ್ದರು. ಸ್ಟೇಜಿನ ಪಕ್ಕ ಕಪ್ಪು ಕಲ್ಲಿನ ಫಲಕ. ಅದರಲ್ಲಿ ಮುಂಡಾಸಿನ ರೈತನೊಬ್ಬ ಗದ್ದೆಯಲ್ಲಿ ಭತ್ತ ಬಿತ್ತುತ್ತಿದ್ದ. ಕೆಳಗೆ ಚಿನ್ನದ ಅಕ್ಷರ: 'ವಿದ್ಯೆಯ ಬೀಜ ಬಿತ್ತಿದ ಮಹಾನುಭಾವ ಹಸನಬ್ಬ.'

ದೇವಕಿಗೆ ಒಡೆದ ತುಟಿಯಲ್ಲೂ ನಗು ತಡೆಯಲಿಲ್ಲ. ಅರವತ್ತು ವರ್ಷದ ನಂತರವೂ ಅದೇ ತಪ್ಪು.

ಶಾಮಿಯಾನದ ಅಂಚಿನಲ್ಲಿ 'ಹಳೆಯ ಕಾಲದ ಕೈಗಾರಿಕೆ, ಜೀವಂತ ಪ್ರದರ್ಶನ' ಎಂಬ ಬೋರ್ಡಿನ ಕೆಳಗೆ ತೂತಿನ ಕಬ್ಬಿಣದ ಬಾಣಲೆಯಲ್ಲಿ ಬೀಜ ಹುರಿಯುತ್ತಿದ್ದರು. ಬೀಜದಿಂದ ಎಣ್ಣೆ ಉಕ್ಕಿ ಬಾಣಲೆಯ ಮೇಲೆ ಬೆಂಕಿಯೇ ಕುಣಿಯುತ್ತಿತ್ತು. ತೂತುಗಳಿಂದ ಇಳಿದ ಎಣ್ಣೆ ಒಲೆಯ ಬದಿಯ ತಗಡಿನ ತಟ್ಟೆಗೆ ಹರಿದು ಕರ್ರಗೆ ಹೊಗೆಯಾಡುತ್ತಿತ್ತು. ಉದ್ದ ಹಿಡಿಯ ಸಲಾಕೆಯಿಂದ ಬೀಜ ಮಗುಚುತ್ತಿದ್ದವಳು ಆಯಿಶಮ್ಮ. ಹಸನಬ್ಬನ ಮಗಳೆಂದು ಸ್ಟೇಜಿನ ಮೇಲೆ ಅವಳಿಗೊಂದು ಸೋಫಾ ಇಟ್ಟಿದ್ದರು. ಅವಳು ಅಲ್ಲಿಂದ ಎದ್ದು ಬಂದು ಇಲ್ಲಿ ಕೂತಿದ್ದಳು.

"ಬಂದ್ಯಾ? ತುಟಿಗೆ ಎಂತ ಆಯ್ತು?"

"ಬೆಳ್ಯಪ್ಪ ಶಾಲು ಹೊದಿಸಿದ."

ಆಯಿಶಮ್ಮನ ಸಲಾಕೆ ಒಂದು ಗಳಿಗೆ ನಿಂತಿತು. "ನನ್ನ ಮಗ ಇದ್ನಾ ಅಲ್ಲಿ?"

"ನಿಯಾಝಾ? ಅವ ಎಂತಕ್ಕೆ ಬರ್ತಾನೆ? ಅತ್ತರು ಹಚ್ಚುದ್ರಲ್ಲಿ ಇರ್ಬೇಕು."

"ಆ ಕಲ್ಲಿನ ಮುಖ ನೋಡಿದ್ಯಾ? ನನ್ನ ಉಪ್ಪನ ಫೋಟೋವೇ ಇಲ್ಲ, ತೆಗೆಸಿಯೇ ಇಲ್ಲ. ಆ ಮೂಗು ಮುರಳಿಕೃಷ್ಣನ ಅಪ್ಪನದ್ದು."

"ಮುಂಡಾಸು?"

"ಅದು ಬಾಡಿಗೆದ್ದು."

ಇಬ್ಬರು ಮುದುಕಿಯರು ಹೊಗೆಯ ನಡುವೆ ಕೆಮ್ಮಿಕೊಂಡು ನಕ್ಕರು. ಬೆಳ್ಯಪ್ಪ ದೇವಕಿಯ ರಟ್ಟೆಗೆ ಕೈ ಹಾಕಿ ಎಳೆದುಕೊಂಡು ಸ್ಟೇಜಿನ ಹಿಂದಿನ ತಗಡಿನ ಕೋಣೆಗೆ ಹೋದ.

ಒಳಗೆ ಮುರಳಿಕೃಷ್ಣ, ನಿಯಾಝ್, ಮತ್ತು ಸಬ್ ರಿಜಿಸ್ಟ್ರಾರ್ ವೆಂಕಪ್ಪ. ವೆಂಕಪ್ಪನ ಮುಂದೆ ಟೈಪಾದ ಪತ್ರ, ಪಕ್ಕದಲ್ಲಿ ಬೆರಳು ಓದುವ, ಕಣ್ಣು ಓದುವ ಕಪ್ಪು ಯಂತ್ರ. ಅವನು ಎದುರಿದ್ದವರ ಮುಖ ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತಿದ್ದ.

"ಕೂತ್ಕೊಳ್ಳಿ ದೇವಕಿಯಕ್ಕ," ಎಂದ ಮುರಳಿಕೃಷ್ಣ. "ನೀವು ನಂಗೆ ಅಮ್ಮನ ಹಾಗೆ."

"ನಿಮ್ಮ ಅಮ್ಮನ ತುಟಿ ಒಡೆದದ್ದು ಯಾರು?"

ನಿಯಾಝ್ ಮುಂದೆ ಬಂದ. ದುಬೈಯಲ್ಲಿ ಇಪ್ಪತ್ತು ವರ್ಷ ಅಂಗಡಿ ನಡೆಸಿ ಬಂದವನು, ಹಸನಬ್ಬನ ಮೊಮ್ಮಗ, ಈಗ ಟ್ರಸ್ಟಿನಲ್ಲಿ ಪಾಲುದಾರ. "ಅಕ್ಕ, ಅಜ್ಜನ ಹೆಸರು ಉಳೀತದೆ. ಸರ್ಕಾರ ಎಂತ ಮಾಡಿತು ಹೇಳಿ? ನೀವು ಸತ್ತ ಮೇಲೆ ಯಾರಾದ್ರೂ ನುಂಗ್ತಾರೆ. ಅದಕ್ಕಿಂತ ನಾವೇ..."

"ನೀವೇ ನುಂಗುದು."

"ಹಸನಬ್ಬ ಕಾಲೇಜು ಅಂತ ಬೋರ್ಡು ಬರ್ತದೆ!"

"ಬೋರ್ಡು ಓದ್ಲಿಕ್ಕೆ ಬಾಗಿಲೊಳಗೆ ಯಾರನ್ನು ಬಿಡ್ತಿ? ನಿನ್ನ ಅಜ್ಜ ಹೆಸರು ಹೇಳಿದವರಲ್ಲಿ ಒಬ್ಬಳ ಮೊಮ್ಮಗುವನ್ನು ಬಿಡ್ತಿಯಾ? ಪತ್ರದಲ್ಲಿ ಬರಿ, ಈಗಲೇ ಒತ್ತುತ್ತೇನೆ."

ಮುರಳಿಕೃಷ್ಣ ಗಡಿಯಾರ ನೋಡಿದ. ಬೆಳ್ಯಪ್ಪನಿಗೆ ಅಷ್ಟು ಸಾಕಾಯಿತು.

ಅವಳನ್ನು ನೆಲಕ್ಕೆ ಕೆಡವಿದ. ಮುಷ್ಟಿ ಬಿಗಿಹಿಡಿದ ಅವಳ ಕೈಯ ಮೇಲೆ ಮೊಣಕಾಲೂರಿದ. ಮುಷ್ಟಿ ಬಿಡಲಿಲ್ಲ. ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಹಿಂದಕ್ಕೆ ಮಡಚಿದ. ಮಣಿಕಟ್ಟಿನಲ್ಲಿ ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಹೊರಗೆ ಮೈಕಿನಲ್ಲಿ ಸ್ವಾಗತಗೀತೆ ಶುರುವಾಗಿತ್ತು, ಅವಳ ಕೂಗು ಅದರೊಳಗೆ ಮುಳುಗಿಹೋಯಿತು.

ಬೆರಳು ಓದುವ ಯಂತ್ರ ಬಂದಂದಿನಿಂದ ಈ ಹೆಬ್ಬೆರಳು ಯಾವ ಯಂತ್ರಕ್ಕೂ ಬೇಡವಾಗಿತ್ತು. ಗೆರೆ ಬರುತ್ತಿಲ್ಲವೆಂದು ರೇಷನ್ ಅಕ್ಕಿ ಕೊಡದೆ ಎಷ್ಟು ತಿಂಗಳು ವಾಪಸು ಕಳುಹಿಸಿದ್ದರು! ಫ್ಯಾಕ್ಟರಿ ಮುಚ್ಚಿ ಒಂಬತ್ತು ವರ್ಷವಾದ ಮೇಲೆ ಚರ್ಮ ಮೆಲ್ಲನೆ ಹೊಸದಾಗಿ ಬಂತು. ಹೋದ ತಿಂಗಳು ರೇಷನ್ ಅಂಗಡಿಯಲ್ಲಿ ಒಂದೇ ಒತ್ತಿಗೆ ಯಂತ್ರ ಕೀಂ ಎಂದಾಗ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದ್ದರು, ಅವಳೂ ಮದುಮಗಳ ಹಾಗೆ ನಾಚಿದ್ದಳು. ಆ ಸುದ್ದಿ ಮುರಳಿಕೃಷ್ಣನ ಕಿವಿಗೆ ಬಿದ್ದ ವಾರದಲ್ಲೇ ಈ ಸಭೆಯ ಆಮಂತ್ರಣ ಪತ್ರಿಕೆ ಅಚ್ಚಾಗಿತ್ತು.

ಬೆಳ್ಯಪ್ಪ ಹೆಬ್ಬೆರಳನ್ನು ಗಾಜಿಗೆ ಒತ್ತಿದ. ಕೆಂಪು ದೀಪ. ಮತ್ತೆ ಒತ್ತಿದ. ಕೆಂಪು.

"ತುಟಿಯ ರಕ್ತ ಬೆರಳಿಗೆ ಆಗಿದೆ," ಎಂದ ವೆಂಕಪ್ಪ ಮೇಜನ್ನು ನೋಡುತ್ತ. "ತೊಳ್ಕೊಂಡು ಬರ್ಬೇಕು. ರಕ್ತ ಇದ್ರೆ ಅದು ಓದುದಿಲ್ಲ."

ನಲ್ಲಿ ಇದ್ದದ್ದು ಹೊರಗೆ, ಹುರಿಯುವ ಒಲೆಯ ಹತ್ತಿರ. ಬೆಳ್ಯಪ್ಪ ಅವಳ ಸೊಂಟ ಹಿಡಿದು ನಡೆಸಿದ. ದೂರದಿಂದ ನೋಡಿದವರಿಗೆ ಅಜ್ಜಿಯನ್ನು ಮೊಮ್ಮಗ ಜೋಪಾನವಾಗಿ ಕರೆತಂದ ಹಾಗೆ ಕಾಣಬೇಕು. ನಲ್ಲಿ ತಿರುಗಿಸಲು ಅವನು ಒಂದು ಕೈ ತೆಗೆದ.

ದೇವಕಿ ಮೊಣಕಾಲೂರಿ ಕೂತಳು. ಐವತ್ತು ವರ್ಷ ಕೆಲಸಕ್ಕೆ ಕೂತ ಹಾಗೆಯೇ. ಆಮೇಲೆ ಎರಡೂ ಹೆಬ್ಬೆರಳುಗಳನ್ನು ತಗಡಿನ ತಟ್ಟೆಯ ಕರಿ ಎಣ್ಣೆಗೆ ಅದ್ದಿದಳು. ಮುರಿದ ಮಣಿಕಟ್ಟಿನ ಕೈಯನ್ನು ತೊಡೆಗೆ ಒತ್ತಿಹಿಡಿದು ಅದ್ದಿದಳು. ಚರ್ಮ ಚುರ್ರೆಂದಿತು. ನೋವು ಹೆಗಲು ದಾಟಿ ದವಡೆಗೆ ಬಂದು ಕಿವಿಯಲ್ಲಿ ಕೂಗಿತು. ಅವಳು ಬೆರಳು ತೆಗೆಯಲಿಲ್ಲ.

ಕಿರುಚಿದವನು ಬೆಳ್ಯಪ್ಪ. ಅವಳನ್ನು ಎಳೆಯಲು ಬಾಗಿದಾಗ ತಟ್ಟೆ ಓಲಾಡಿ ನಾಲ್ಕು ಹನಿ ಅವನ ತೋಳಿಗೆ ಸಿಡಿದಿತ್ತು.

"ಅಯ್ಯೋ ಅಯ್ಯೋ! ನಂಗೆ ಸುಟ್ಟಿತು!"

"ನಾಲ್ಕು ಹನಿಗೆ ಇಷ್ಟಾ?" ಎಂದಳು ದೇವಕಿ, ಹಲ್ಲು ಕಚ್ಚಿದ ಬಾಯಿಂದ.

ಮೈಕಿನ ಹಾಡು ನಿಂತಿತು. ಕುರ್ಚಿಗಳಲ್ಲಿ ಮುನ್ನೂರು ತಲೆಗಳು ತಿರುಗಿದವು. ಎಣ್ಣೆಗೆ ಚರ್ಮ ಸುಟ್ಟ ವಾಸನೆಯನ್ನು ಆ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮುರಳಿಕೃಷ್ಣ, ನಿಯಾಝ್, ವೆಂಕಪ್ಪ ಓಡಿಬಂದರು. ದೇವಕಿಯ ಹೆಬ್ಬೆರಳುಗಳ ತುದಿಯಲ್ಲಿ ಚರ್ಮ ಬಿಳಿಚಿ ಸುಲಿದು, ಒಳಗಿನ ಕೆಂಪು ಕಾಣುತ್ತಿತ್ತು. ಮುರಳಿಕೃಷ್ಣ ಹಣೆ ಹಿಸುಕಿಕೊಂಡ. ನಿಯಾಝ್ ಮಾತ್ರ ಆ ಕೈಯನ್ನು ನೋಡಿ ಅರೆಗಳಿಗೆ ಕಣ್ಣು ಮುಚ್ಚಿ, ಮತ್ತೆ ತೆರೆದು, ವೆಂಕಪ್ಪನ ಕಡೆ ತಿರುಗಿದ.

"ವೆಂಕಪ್ಪಣ್ಣ, ಕಣ್ಣು ಆಗ್ತದಲ್ಲ? ಈ ಯಂತ್ರದಲ್ಲಿ ಕಣ್ಣೂ ಉಂಟಲ್ಲ?"

ವೆಂಕಪ್ಪ ನೆಲ ನೋಡಿದ. "ಆಗ್ತದೆ... ಆದ್ರೆ..."

ನಿಯಾಝ್ ಓಡಿಹೋಗಿ ಯಂತ್ರ ತಂದ. ಬೆಳ್ಯಪ್ಪ ದೇವಕಿಯ ಜಡೆಯನ್ನು ಕೈಗೆ ಸುತ್ತಿಕೊಂಡು ತಲೆಯನ್ನು ಹಿಂದಕ್ಕೆ ಎಳೆದ. ಸುಟ್ಟ ತೋಳಿನ ಸಿಟ್ಟೆಲ್ಲ ಆ ಕೈಯಲ್ಲಿತ್ತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು. ಅವನ ದಪ್ಪ ಬೆರಳುಗಳು ರೆಪ್ಪೆಯ ಮೇಲೆ ಕೂತು, ಉಗುರು ಹಾಕಿ ಮೇಲಕ್ಕೆ ಕೆಳಕ್ಕೆ ಬಿಡಿಸಿದವು. ಒದ್ದೆ ಬೆಳಕು ಒಳನುಗ್ಗಿತು. ಆ ಬೆಳಕಿನಲ್ಲಿ ಯಂತ್ರದ ಕಪ್ಪು ಗೂಡು, ಅದರ ಹಿಂದೆ ಹಸನಬ್ಬನ ಮೊಮ್ಮಗನ ಮುಖ.

"ಅಲ್ಲಾಡಿಸ್ಬೇಡಿ ಅಕ್ಕ. ಒಂದು ಸೆಕೆಂಡು. ಒಂದೇ ಸೆಕೆಂಡು."

ಆಯಿಶಮ್ಮ ಎದ್ದು ನಿಂತದ್ದನ್ನು ಯಾರೂ ನೋಡಲಿಲ್ಲ. ಕಾದ ಸಲಾಕೆ ಮಗನ ಮಣಿಕಟ್ಟಿನ ಮೇಲೆ ಬಿತ್ತು. ಯಂತ್ರ ಹಾರಿ ಬಾಣಲೆಗೆ ಬಿದ್ದು, ಉರಿಯುವ ಬೀಜಗಳ ನಡುವೆ ಒಮ್ಮೆ ಹೊರಳಿ, ಪ್ಲಾಸ್ಟಿಕ್ಕಿನ ಕಮಟು ಹೊಗೆ ಎಬ್ಬಿಸಿ ಕುಗ್ಗಿತು.

"ಉಮ್ಮಾ!" ನಿಯಾಝ್ ಕೈ ಹಿಡಿದುಕೊಂಡು ಕುಸಿದ. "ನಾನು ನಿಮ್ಮ ಮಗ ಅಲ್ವಾ ಉಮ್ಮಾ!"

"ಹೌದು. ಇಲ್ಲದಿದ್ರೆ ತಲೆಗೆ ಹಾಕ್ತಿದ್ದೆ."

"ಅದು ಸರ್ಕಾರದ ಯಂತ್ರ ಮಾರಾಯ್ರೆ!" ವೆಂಕಪ್ಪ ಬಾಣಲೆಯ ಸುತ್ತ ಕುಣಿಯುತ್ತಿದ್ದ. "ನಾನು ಯಾರಿಗೆ ಉತ್ತರ ಕೊಡುದು?"

ದೇವಕಿ ಒಂದು ಕಣ್ಣನ್ನಷ್ಟೇ ತೆರೆಯಬಲ್ಲವಳಾಗಿದ್ದಳು. "ಈ ಜಾಗವೂ ಸರ್ಕಾರ ಕೊಟ್ಟದ್ದೇ. ಅದನ್ನು ಬೇಯಿಸುವಾಗ ನೀವು ಬಾಯಿ ಬಿಡ್ಲಿಲ್ಲ." ಉಸಿರು ಎಳೆದುಕೊಂಡಳು. "ನೀವು ನನ್ನ ಹತ್ರ ಇನ್ನೂ ಕೇಳ್ಲೇ ಇಲ್ಲ."

"ಎಂತ ಕೇಳುದು?"

"ಇದಕ್ಕೆ ನನ್ನ ಒಪ್ಪಿಗೆ ಉಂಟಾ ಅಂತ. ಅದನ್ನು ಮೊದ್ಲು ಕೇಳ್ಬೇಕು, ಬೆರಳು ಆಮೇಲೆ. ಅರ್ಜಿ ಬ್ಯಾರಿ ನಮಗೆ ಕಾನೂನು ಓದಿ ಹೇಳಿದ್ದಾರೆ. ಕೇಳಿ ಈಗ."

"ಏನೂ ಕೇಳ್ಬೇಡಿ, ನಡೀರಿ ಒಳಗೆ," ಎಂದ ಮುರಳಿಕೃಷ್ಣ.

ವೆಂಕಪ್ಪ ಅವನನ್ನು ನೋಡಿದ. ಬಳಿಕ ಕುರ್ಚಿಗಳ ಕಡೆ ನೋಡಿದ. ಅಲ್ಲಿ ಯಾರೂ ಕೂತಿರಲಿಲ್ಲ. ಮುನ್ನೂರು ಹಳದಿ ಶಾಲುಗಳು ಎದ್ದು ನಿಂತಿದ್ದವು. ಅವನು ಜೇಬಿನಿಂದ ಪೆನ್ನು ತೆಗೆದ. ಸ್ವರ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ದೇವಕಿ ಎಂಬವರೇ, ಈ ಪತ್ರವನ್ನು ನೀವು ಮನಃಪೂರ್ವಕ ಬರೆದುಕೊಡ್ತಾ ಇದ್ದೀರಾ?"

"ಇಲ್ಲ."

"ಇಲ್ಲವಾ?"

"ಇಲ್ಲ, ಇಲ್ಲ, ಇಲ್ಲ! ಕಿವಿ ಕೇಳುದಿಲ್ವಾ? ಬರೀರಿ!"

ವೆಂಕಪ್ಪ ಕೈಲಿದ್ದ ಪತ್ರದ ಬೆನ್ನಿಗೆ, ಅಂಗೈಯನ್ನೇ ಮೇಜು ಮಾಡಿಕೊಂಡು ಬರೆದ: 'ಬರೆದುಕೊಡಲು ನಿರಾಕರಿಸಿದ್ದಾರೆ.' ತಾರೀಕು ಹಾಕಿದ. ಸಹಿ ಹಾಕಿದ. ಆ ಬರಹ ಬಿದ್ದ ಪತ್ರ ಇನ್ನು ನೋಂದಣಿಯಾಗುವಂತಿಲ್ಲ.

"ಹರೀರಿ ಅದನ್ನು," ಎಂದ ಮುರಳಿಕೃಷ್ಣ.

"ಮುನ್ನೂರು ಜನ ನೋಡಿದ್ದಾರೆ ಸಾರ್," ಎಂದ ವೆಂಕಪ್ಪ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಗೆ, ಬನಿಯನಿಗೂ ಒಳಗೆ ತುರುಕಿದ.

ಬೆಳ್ಯಪ್ಪನಿಗೆ ಆ ಬರಹ ಅರ್ಥವಾಗಲಿಲ್ಲ, ಒಡೆಯನ ಮುಖ ಅರ್ಥವಾಯಿತು. ಶಾಮಿಯಾನದ ಕಬ್ಬಿಣದ ಗೂಟವೊಂದನ್ನು ಕಿತ್ತು ಬೀಸಿದ. ಅದು ದೇವಕಿಯ ಪಕ್ಕೆಗೆ ಬಿತ್ತು. ಒಳಗೆ ಯಾವುದೋ ಎರಡು ಕಡೆ ಮುರಿಯಿತು. ಎರಡನೆಯ ಪೆಟ್ಟಿಗೆ ಆಯಿಶಮ್ಮ ಅಡ್ಡ ಬಂದಳು, ಅದು ಅವಳ ಹೆಗಲನ್ನು ಒಡೆಯಿತು. ಸಲಾಕೆ ಅವಳ ಕೈಯಿಂದ ಜಾರಿ ಕಲ್ಲಿಗೆ ಬಡಿದು ಟಣ್ ಎಂದಿತು.

ದೇವಕಿ ಕೆನ್ನೆಯನ್ನು ನೆಲಕ್ಕೆ ಒತ್ತಿಕೊಂಡು ಬಿದ್ದಿದ್ದಳು. ಮಣ್ಣು ಬಿಸಿಯಾಗಿತ್ತು. ಉಸಿರು ಎಳೆದಾಗಲೆಲ್ಲ ಪಕ್ಕೆಯೊಳಗೆ ಚೂರಿ ತಿರುಗುತ್ತಿತ್ತು. ಅಲ್ಲಿಂದ ಅವಳಿಗೆ ಕಂಡದ್ದು ಪಾದಗಳು ಮಾತ್ರ.

ಫ್ಯಾಕ್ಟರಿಯಲ್ಲಿ ಐವತ್ತು ವರ್ಷ ಅವಳು ಕೂತದ್ದು ನೆಲದ ಮೇಲೆ, ತಲೆ ಬಗ್ಗಿಸಿಕೊಂಡು. ಯಾರು ಬಂದರು, ಯಾರು ಹೋದರು ಎಂದು ಮುಖ ನೋಡಲು ಪುರುಸೊತ್ತು ಇರುತ್ತಿರಲಿಲ್ಲ, ಪಾದದಿಂದಲೇ ಗುರುತು. ಆ ಹೆಬ್ಬೆರಳು ವಾರೆಯಾದದ್ದು ರಹ್ಮತ್‌ಳದ್ದು. ಹಿಮ್ಮಡಿ ಗದ್ದೆಯ ಹಾಗೆ ಬಿರಿದದ್ದು ಸುಳ್ಯದ ಸಂಕಪ್ಪನ ಹೆಂಡತಿಯದ್ದು. ಎಡಗಾಲು ಎಳೆದು ಹಾಕುವವಳು ಕೆದಂಬಾಡಿಯವಳು, ಹೆಸರು ಮರೆತಿದೆ, ಬೀಜ ಒಡೆಯುವಾಗ ಕೆಟ್ಟ ಕೆಟ್ಟ ಹಾಡು ಹೇಳುತ್ತಿದ್ದವಳು. ಪ್ರದರ್ಶನಕ್ಕೆಂದು ಜೋಡಿಸಿಟ್ಟಿದ್ದ ಮರದ ಕೊಡ್ತಿಗಳ ರಾಶಿಯ ಹತ್ತಿರ ಆ ಪಾದಗಳು ಒಂದು ಕ್ಷಣ ನಿಂತವು, ಕೊಡ್ತಿಗಳು ಒಂದೊಂದಾಗಿ ಮೇಲೆದ್ದವು. ಅಲ್ಲಿಂದ ಮತ್ತೆ ಹೊರಟವು. ಹತ್ತು, ನೂರು, ಧೂಳೆಬ್ಬಿಸಿಕೊಂಡು, ಅವಳ ಕಡೆಗೆ.

ಬೆಳ್ಯಪ್ಪನ ಬೂಟುಗಳು ಒಂದು ಹೆಜ್ಜೆ ಹಿಂದಕ್ಕೆ ಹೋದವು. ಇನ್ನೊಂದು ಹೆಜ್ಜೆಗೆ ಹಿಂದೆ ಜಾಗ ಇರಲಿಲ್ಲ, ಅಲ್ಲೂ ಪಾದಗಳೇ.